14.6 ತಿಂಗಳು ಅನ್ನೋ ಸಂಖ್ಯೆಯ ಒಳಗೆ ಏನಿದೆ?

ಬಯಾಪ್ಸಿ ರಿಪೋರ್ಟಿನಲ್ಲಿ ‘ಗ್ಲಿಯೋಬ್ಲಾಸ್ಟೋಮಾ’ ಅನ್ನೋ ಪದ ಕಂಡ ಮೇಲೆ ಮುಂದಿನ ಹತ್ತು ನಿಮಿಷ ಏನಾಗುತ್ತೆ ಅಂತ ಊಹಿಸೋದು ಕಷ್ಟವಲ್ಲ. ಮನೆಯ ಕಿರಿಯರೊಬ್ಬರು ಡಾಕ್ಟರ ಕೋಣೆಯಿಂದ ಹೊರಗೆ ಬಂದು, ಕಾರಿಡಾರಿನ ಕುರ್ಚಿಯಲ್ಲಿ ಕೂತು ಫೋನ್ ತೆಗೀತಾರೆ. ಸ್ಪೆಲ್ಲಿಂಗ್ ಒಂದೆರಡು ಸಲ ತಪ್ಪಾಗುತ್ತೆ. ಆಮೇಲೆ ಪರದೆ ಮೇಲೆ ಒಂದು ಸಂಖ್ಯೆ ಬರುತ್ತೆ. ಹದಿನಾಲ್ಕೋ ಹದಿನೈದೋ ತಿಂಗಳು. ಫೋನ್ ಲಾಕ್ ಮಾಡಿ ಜೇಬಿಗೆ ಹಾಕ್ಕೊಳ್ತಾರೆ, ಒಳಗೆ ಹೋಗಿ ಅಮ್ಮನ ಪಕ್ಕ ನಿಲ್ತಾರೆ. ಯಾರಿಗೂ ಏನೂ ಹೇಳೋದಿಲ್ಲ.

ಈ ಬರಹ ಆ ಸಂಖ್ಯೆಯ ಬಗ್ಗೆ. ನಾನು ಡಾಕ್ಟರ್ ಅಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯೋನು. ನನ್ನ ಟೀಮಿನ ಗೆಳೆಯನೊಬ್ಬ ತನ್ನ ಅಪ್ಪನ ರಿಪೋರ್ಟ್ ಕಳಿಸಿ, “ಗುರು, ನೀನು ದಿನಾ ಡೇಟಾ ಜತೆ ಒದ್ದಾಡೋನು. ಇದನ್ನ ಓದಿ ಏನರ್ಥ ಅಂತ ಹೇಳು” ಅಂದಿದ್ದ. ಚಿಕಿತ್ಸೆ ಬಗ್ಗೆ ಹೇಳೋಕೆ ನಾನು ಯಾರು? ಆದರೆ ಸಂಖ್ಯೆ ಎಲ್ಲಿಂದ ಬಂತು ಅಂತ ಹುಡುಕೋದು ನನ್ನ ಕೆಲಸಕ್ಕೆ ಹತ್ತಿರದ್ದೇ. ಮೂಲ ಅಧ್ಯಯನಗಳನ್ನ ಓದ್ತಾ ಹೋದ ಹಾಗೆ ಒಂದು ವಿಷಯ ಸ್ಪಷ್ಟವಾಯ್ತು. ಆ ಸಂಖ್ಯೆ ಸುಳ್ಳಲ್ಲ, ಆದರೆ ಅದು ಅವನ ಅಪ್ಪನ ಬಗ್ಗೆ ಹೇಳಿದ ಸಂಖ್ಯೆಯೂ ಅಲ್ಲ.

ಗ್ಲಿಯೋಬ್ಲಾಸ್ಟೋಮಾ ಅಂದ್ರೆ ದೊಡ್ಡವರಲ್ಲಿ ಮಿದುಳಿನಲ್ಲೇ ಹುಟ್ಟೋ ಕ್ಯಾನ್ಸರ್ ಗೆಡ್ಡೆಗಳಲ್ಲಿ ಅತಿ ಸಾಮಾನ್ಯವಾದದ್ದು, ಅತಿ ಉಗ್ರವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಇದು ಗ್ರೇಡ್ 4. ಅದಕ್ಕಿಂತ ಮೇಲಿನ ಗ್ರೇಡ್ ಇಲ್ಲ. ಇವತ್ತು ಬೆಂಗಳೂರಾಗಲಿ ಬಾಸ್ಟನ್ ಆಗಲಿ ಇದಕ್ಕೆ ಮೊದಲ ಚಿಕಿತ್ಸೆಯ ಚೌಕಟ್ಟು ಹೆಚ್ಚುಕಮ್ಮಿ ಒಂದೇ: ಆಪರೇಷನ್, ನಂತರ ಆರು ವಾರ ರೇಡಿಯೇಶನ್, ಅದರ ಜೊತೆಗೆ ಟೆಮೊಜೊಲೊಮೈಡ್ ಅನ್ನೋ ಕೀಮೋ ಕ್ಯಾಪ್ಸೂಲ್, ಆಮೇಲೆ ತಿಂಗಳಿಗೆ ಐದು ದಿನದ ಹಾಗೆ ಅದೇ ಕ್ಯಾಪ್ಸೂಲಿನ ಆರು ಸುತ್ತು. ಈ ಪದ್ಧತಿಗೆ ಆಧಾರವಾದ ಅಧ್ಯಯನವನ್ನ ರೋಜರ್ ಸ್ಟುಪ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದರು. 85 ಆಸ್ಪತ್ರೆಗಳ 573 ರೋಗಿಗಳನ್ನ, ಚೀಟಿ ಎತ್ತಿದ ಹಾಗೆ, ಎರಡು ಗುಂಪು ಮಾಡಿದ್ದರು. ರೇಡಿಯೇಶನ್ ಮಾತ್ರ ಪಡೆದವರ ಗುಂಪಿನಲ್ಲಿ 12.1 ತಿಂಗಳು, ಕ್ಯಾಪ್ಸೂಲನ್ನೂ ಪಡೆದವರಲ್ಲಿ 14.6 ತಿಂಗಳು. ಫೋನಿನಲ್ಲಿ ಇವತ್ತಿಗೂ ಕಾಣೋ ಸಂಖ್ಯೆಯ ಮೂಲ ಬಹುಪಾಲು ಇದೇ.

ಈ 14.6 ಸರಾಸರಿ ಅಲ್ಲ, ಮಧ್ಯಾಂಕ. ಎಸ್ಸೆಸ್ಸೆಲ್ಸಿಯಲ್ಲಿ ಸರಾಸರಿ, ಮಧ್ಯಾಂಕ, ಬಹುಲಕ ಅಂತ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಅದೇ ಮಧ್ಯಾಂಕ. ಎಲ್ಲರನ್ನೂ ಬದುಕಿದ ಅವಧಿಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಸಂಖ್ಯೆ. ಅರ್ಧ ಜನ ಅದಕ್ಕಿಂತ ಮುಂಚೆ ಹೋದರು, ಅರ್ಧ ಜನ ಅದನ್ನ ದಾಟಿದರು. ದಾಟಿದವರು ಎಷ್ಟು ದೂರ ಹೋದರು ಅನ್ನೋದನ್ನ ಮಧ್ಯಾಂಕ ಹೇಳೋದೇ ಇಲ್ಲ. ಅದೇ ಅಧ್ಯಯನದಲ್ಲಿ ಕ್ಯಾಪ್ಸೂಲ್ ಪಡೆದ ಪ್ರತಿ 100 ಜನರಲ್ಲಿ 26 ಜನಕ್ಕಿಂತ ಹೆಚ್ಚು ಎರಡು ವರ್ಷ ದಾಟಿದ್ದರು. ರೇಡಿಯೇಶನ್ ಮಾತ್ರ ಪಡೆದವರಲ್ಲಿ ಆ ಸಂಖ್ಯೆ 10. ಐದು ವರ್ಷದ ಲೆಕ್ಕ 2009ರಲ್ಲಿ ಬಂತು: ಕ್ಯಾಪ್ಸೂಲ್ ಗುಂಪಿನಲ್ಲಿ ನೂರಕ್ಕೆ 9.8, ಇನ್ನೊಂದರಲ್ಲಿ 1.9. ಮಧ್ಯಾಂಕ ನೋಡಿದರೆ ಆ ಕ್ಯಾಪ್ಸೂಲಿನ ಲಾಭ ಬರೀ ಎರಡೂವರೆ ತಿಂಗಳು. ಐದು ವರ್ಷದ ಲೆಕ್ಕ ನೋಡಿದರೆ ಐದು ಪಟ್ಟು. ಎರಡೂ ಒಂದೇ ಡೇಟಾ.

ಈ ವಿಚಾರವನ್ನ ಸ್ವಂತ ಅನುಭವದಿಂದ ಬರೆದವರು ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್. 1982ರಲ್ಲಿ ಅವರಿಗೆ ಹೊಟ್ಟೆಯ ಒಳಪದರದ ಮೀಸೋಥೀಲಿಯೋಮಾ ಅನ್ನೋ ಅಪರೂಪದ ಕ್ಯಾನ್ಸರ್ ಬಂತು. ಪುಸ್ತಕದ ಪ್ರಕಾರ ಮಧ್ಯಾಂಕ 8 ತಿಂಗಳು. ಗೂಲ್ಡ್ ಗಾಬರಿಯಾದರು, ಆಮೇಲೆ ಲೆಕ್ಕ ಹಾಕೋಕೆ ಕೂತರು. ನನಗೆ ವಯಸ್ಸು ಕಮ್ಮಿ, ರೋಗ ಬೇಗ ಸಿಕ್ಕಿದೆ, ಒಳ್ಳೆ ಚಿಕಿತ್ಸೆ ಸಿಗ್ತಿದೆ, ಹಾಗಾದರೆ ಸಾಲಿನ ಯಾವ ಕಡೆ ನಾನು ನಿಂತಿರಬಹುದು? 1985ರಲ್ಲಿ ಇದರ ಬಗ್ಗೆ ಒಂದು ಪ್ರಬಂಧ ಬರೆದರು. ಬದುಕಿದ್ದು ಇನ್ನೂ ಇಪ್ಪತ್ತು ವರ್ಷ. 2002ರಲ್ಲಿ ಅವರನ್ನ ಕೊಂಡೊಯ್ದದ್ದು ಬೇರೆಯೇ ಕ್ಯಾನ್ಸರ್. ಅವರ ರೋಗವೇ ಬೇರೆ, ಗ್ಲಿಯೋಬ್ಲಾಸ್ಟೋಮಾಗೆ ಅವರ ಇಪ್ಪತ್ತು ವರ್ಷವನ್ನ ಹೋಲಿಸೋದು ತಪ್ಪು. ಅವರು ಕೇಳಿದ ಪ್ರಶ್ನೆ ಮಾತ್ರ ಇಲ್ಲಿಗೂ ಸರಿಹೊಂದುತ್ತೆ: ಸಾಲಿನಲ್ಲಿ ನಾವು ಎಲ್ಲಿ ನಿಂತಿದ್ದೀವಿ?

ನನ್ನ ವೃತ್ತಿಯವರಿಗೆ ಇಷ್ಟವಾಗೋ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಇಂಥ ಅಧ್ಯಯನಗಳಲ್ಲೆಲ್ಲ ಮೆಟ್ಟಿಲಿನ ಹಾಗೆ ಇಳಿಯೋ ಒಂದು ಗೆರೆ ಇರುತ್ತೆ. 1958ರಲ್ಲಿ ಅದರ ವಿಧಾನವನ್ನ ಕೊಟ್ಟವರು ಎಡ್ವರ್ಡ್ ಕಪ್ಲಾನ್ ಮತ್ತು ಪಾಲ್ ಮೇಯರ್. ಮೇಯರ್ ವೈದ್ಯಕೀಯ ಡೇಟಾ ನೋಡ್ತಿದ್ದವರು. ಕಪ್ಲಾನ್ ಇದ್ದದ್ದು ಬೆಲ್ ಲ್ಯಾಬ್ಸ್‌ನಲ್ಲಿ, ಟೆಲಿಫೋನ್ ಕೇಬಲ್ಲಿನ ರಿಪೀಟರ್‌ಗಳೊಳಗಿನ ನಿರ್ವಾತ ಕೊಳವೆಗಳು ಎಷ್ಟು ಕಾಲ ಬಾಳಿಕೆ ಬರುತ್ತವೆ ಅಂತ ನೋಡ್ತಿದ್ದರು. ಇಬ್ಬರಿಗೂ ತೊಡಕು ಒಂದೇ. ಲೆಕ್ಕ ಹಾಕೋ ದಿನಕ್ಕೆ ಇನ್ನೂ ಉರಿಯುತ್ತಿರೋ ಕೊಳವೆಯನ್ನ ಏನು ಮಾಡೋದು? ಲೆಕ್ಕದಿಂದ ಬಿಟ್ಟರೆ ಆಯಸ್ಸು ಕಮ್ಮಿ ಬರುತ್ತೆ. ಅವತ್ತೇ ಸತ್ತಿತು ಅಂತ ಬರೆದರೆ ಅದೂ ಸುಳ್ಳು. ‘ಇಲ್ಲಿವರೆಗೆ ಇದೆ’ ಅಂತಷ್ಟೇ ದಾಖಲಿಸಿ ಲೆಕ್ಕ ಮುಂದುವರಿಸೋ ದಾರಿಯನ್ನ ಅವರು ಕೊಟ್ಟರು. ಆ ಗೆರೆಯ ಬಲತುದಿಯಲ್ಲಿ ಚಪ್ಪಟೆಯಾಗೋ ಬಾಲ ಇದೆಯಲ್ಲ, ಅದರಲ್ಲಿ ಇರೋರೆಲ್ಲ ‘ಇಲ್ಲಿವರೆಗೆ ಇದ್ದಾರೆ’ ಅನ್ನಿಸಿಕೊಂಡವರು.

ವಯಸ್ಸು, ಓಡಾಟ, ಚಾಕು

ಯಾರು ಎಲ್ಲಿ ನಿಲ್ತಾರೆ ಅನ್ನೋದನ್ನ ದೊಡ್ಡ ಪ್ರಮಾಣದಲ್ಲಿ ವಿಂಗಡಿಸಿದ ಕೆಲಸ 1993ರದ್ದು. ಅಮೆರಿಕದ ಮೂರು ಅಧ್ಯಯನಗಳ 1,578 ರೋಗಿಗಳ ಮಾಹಿತಿಯನ್ನ ಸೇರಿಸಿ, ವಾಲ್ಟರ್ ಕರನ್ ಮತ್ತು ಸಂಗಡಿಗರು ಒಂದು ಮರ ಕಟ್ಟಿದರು. ನಾವು ಕಾಲೇಜಲ್ಲಿ ಓದೋ ಡಿಸಿಷನ್ ಟ್ರೀ ಅಂತಾರಲ್ಲ, ಅದೇ. ಇಫ್, ಎಲ್ಸ್, ಮತ್ತೆ ಇಫ್. ಆ ಮರದ ಮೊಟ್ಟಮೊದಲ ಕವಲು ಯಾವುದು ಗೊತ್ತಾ? ಗೆಡ್ಡೆಯ ಗಾತ್ರ ಅಲ್ಲ. ರೋಗಿಯ ವಯಸ್ಸು 50ಕ್ಕಿಂತ ಕಮ್ಮಿಯಾ, ಹೆಚ್ಚಾ. ಆಮೇಲಿನ ಕವಲುಗಳಲ್ಲಿ ಗೆಡ್ಡೆಯ ವಿಧ, ರೋಗಿ ಓಡಾಡೋ ಸ್ಥಿತಿ, ಆಪರೇಷನ್ ಎಷ್ಟು ಆಯ್ತು, ಇತ್ಯಾದಿ. ಕೊನೆಗೆ ಆರು ಗುಂಪುಗಳಾದವು. ಅತಿ ಕೆಟ್ಟ ಗುಂಪಿನ ಮಧ್ಯಾಂಕ 4.7 ತಿಂಗಳು, ಅತಿ ಒಳ್ಳೆಯದರದ್ದು 58.6 ತಿಂಗಳು. ಗ್ಲಿಯೋಬ್ಲಾಸ್ಟೋಮಾಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಗೆಡ್ಡೆಗಳೂ ಅದರಲ್ಲಿ ಸೇರಿದ್ದರಿಂದ ಅಂತರ ಇಷ್ಟು ದೊಡ್ಡದು ಅನ್ನೋದೂ ನಿಜ. ಆದರೂ ‘ಉಗ್ರ ಮಿದುಳು ಗೆಡ್ಡೆ’ ಅನ್ನೋ ಒಂದೇ ಹಣೆಪಟ್ಟಿಯ ಕೆಳಗೆ ಇಷ್ಟು ಬೇರೆಬೇರೆ ಜನ ಇದ್ದರು.

ಓಡಾಡೋ ಸ್ಥಿತಿಗೆ ಡಾಕ್ಟರುಗಳು ಅಂಕ ಕೊಡ್ತಾರೆ. ಫೈಲಿನಲ್ಲಿ ‘ಕೆಪಿಎಸ್’ ಅಂತ ಬರೆದಿರುತ್ತೆ. ಡೇವಿಡ್ ಕರ್ನೋಫ್‌ಸ್ಕಿ ಅನ್ನೋ ವೈದ್ಯರ ಹೆಸರಿನ ಅಳತೆ ಅದು. 100 ಅಂದ್ರೆ ಯಾವ ತೊಂದರೆಯೂ ಇಲ್ಲ. 70 ಅಂದ್ರೆ ಸ್ನಾನ, ಬಟ್ಟೆ, ಊಟ ಎಲ್ಲ ಸ್ವತಃ ಮಾಡ್ಕೊಳ್ತಾರೆ, ಆದರೆ ಕೆಲಸಕ್ಕೆ ಹೋಗೋಕಾಗಲ್ಲ. 50 ಅಂದ್ರೆ ಒಬ್ಬರು ಜೊತೆಗಿದ್ದು ಸಾಕಷ್ಟು ಸಹಾಯ ಮಾಡಬೇಕು. ಅಧ್ಯಯನಗಳಲ್ಲಿ 70 ಅನ್ನೋದು ಮತ್ತೆ ಮತ್ತೆ ಬರೋ ಗಡಿ. ಅದಕ್ಕಿಂತ ಮೇಲಿರೋರು ಚಿಕಿತ್ಸೆಯನ್ನ ಚೆನ್ನಾಗಿ ತಡ್ಕೊಳ್ತಾರೆ, ಹೆಚ್ಚು ಕಾಲ ಇರ್ತಾರೆ.

ವಯಸ್ಸನ್ನ ಯಾರೂ ಬದಲಾಯಿಸೋಕಾಗಲ್ಲ. ಈ ಅಂಕ ಹಾಗಲ್ಲ, ಅದು ಏರಿಳಿಯುತ್ತೆ. ಗೆಡ್ಡೆಯ ಸುತ್ತ ಬಾವು ಬಂದು ಕೈಕಾಲು ಬಿದ್ದುಹೋಗಿರೋರು ಸ್ಟೀರಾಯ್ಡ್ ಕೊಟ್ಟ ಕೆಲವೇ ದಿನದಲ್ಲಿ ಎದ್ದು ಕೂರೋದುಂಟು. ಫಿಟ್ಸ್ ಮಾತ್ರೆ ಸರಿಯಾಗಿ ತಗೊಂಡರೆ, ಫಿಸಿಯೋಥೆರಪಿ ಮಾಡಿಸಿದರೆ ಬಚ್ಚಲುಮನೆಗೆ ಸ್ವತಃ ನಡೆದು ಹೋಗೋ ದಿನಗಳು ಹೆಚ್ಚಾಗುತ್ತವೆ. ಅದೇ ಸ್ಟೀರಾಯ್ಡ್ ಸಕ್ಕರೆ ಕಾಯಿಲೆಯವರ ಶುಗರನ್ನ ಮೇಲಕ್ಕೇರಿಸುತ್ತೆ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಅದೂ ಈಗ ಕ್ಯಾನ್ಸರ್ ಚಿಕಿತ್ಸೆಯ ಭಾಗವೇ.

ಇನ್ನು ಆಪರೇಷನ್. 2001ರಲ್ಲಿ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದವರು 416 ರೋಗಿಗಳ ಲೆಕ್ಕ ಕೊಟ್ಟರು. ಎಂಆರ್‌ಐನಲ್ಲಿ ಕಾಣೋ ಗೆಡ್ಡೆಯ 98 ಶೇಕಡಾ ಅಥವಾ ಹೆಚ್ಚು ತೆಗೆದವರಲ್ಲಿ ಮಧ್ಯಾಂಕ 13 ತಿಂಗಳು, ಉಳಿದವರಲ್ಲಿ 8.8. ಹಾಗಾದರೆ ಎಲ್ಲ ತೆಗೆದುಬಿಡಿ ಅನ್ನಬಹುದಾ? ಇಲ್ಲಿ ಡೇಟಾ ನೋಡೋರು ಸ್ವಲ್ಪ ತಡೀಬೇಕು. ಪೂರ್ತಿ ತೆಗೆಯೋಕೆ ಆಗೋದು ಗೆಡ್ಡೆ ‘ಒಳ್ಳೆ ಜಾಗದಲ್ಲಿ’ ಇದ್ದಾಗ. ಮಾತಿನ ಕೇಂದ್ರಕ್ಕೋ ಕೈಕಾಲಿನ ನರದ ದಾರಿಗೋ ಅಂಟಿಕೊಂಡಿದ್ದರೆ ಸರ್ಜನ್ ಬೇಕಂತಲೇ ನಿಲ್ಲಿಸ್ತಾರೆ. ಹಾಗಾಗಿ 13 ಮತ್ತು 8.8ರ ನಡುವಿನ ಅಂತರದಲ್ಲಿ ಚಾಕುವಿನ ಪಾಲು ಎಷ್ಟು, ಜಾಗದ ಪಾಲು ಎಷ್ಟು ಅಂತ ಬಿಡಿಸೋದು ಸುಲಭ ಅಲ್ಲ. ಗೆಡ್ಡೆಯನ್ನ ಮಾತ್ರ ಹೊಳೆಯೋ ಹಾಗೆ ಮಾಡೋ 5-ಎಎಲ್ಎ ಅನ್ನೋ ದ್ರವವನ್ನ ಆಪರೇಷನ್ನಿಗೆ ಮುಂಚೆ ಕುಡಿಸಿ, ನೀಲಿ ಬೆಳಕಲ್ಲಿ ಗುಲಾಬಿಯಾಗಿ ಕಾಣೋ ಭಾಗವನ್ನ ತೆಗೆಯೋ ವಿಧಾನ ಇದೆ. ಜರ್ಮನಿಯಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪೂರ್ತಿ ತೆಗೆಯೋಕೆ ಆದವರ ಪ್ರಮಾಣ ಶೇಕಡಾ 36ರಿಂದ 65ಕ್ಕೆ ಏರಿತ್ತು. ರೋಗಿಯನ್ನ ಎಚ್ಚರವಾಗಿಟ್ಟು ಮಾತಾಡಿಸ್ತಾನೇ ಆಪರೇಷನ್ ಮಾಡೋದೂ ಇದೇ ಕಾರಣಕ್ಕೆ. ಮಾತು ತೊದಲಿದರೆ ಸರ್ಜನ್ ಅಲ್ಲಿಗೆ ನಿಲ್ಲಿಸ್ತಾರೆ. ಎಷ್ಟು ಉಳಿದಿದೆ ಅನ್ನೋದನ್ನ ಹೇಳೋದು ಆಪರೇಷನ್ ಆದ ಎರಡು-ಮೂರು ದಿನದೊಳಗೆ ಮಾಡೋ ಎಂಆರ್‌ಐ. ಅದನ್ನ ಮಾಡಿದ್ದಾರಾ, ಏನು ಕಂಡಿತು ಅಂತ ಕೇಳೋದರಲ್ಲಿ ಸಂಕೋಚ ಬೇಡ.

ರಿಪೋರ್ಟಿನ ಎರಡು ಸಾಲು

ಈಗ ಅತಿ ಮುಖ್ಯವಾದ, ಅತಿ ಹೆಚ್ಚು ಗೊಂದಲ ಮಾಡೋ ಭಾಗ. ರಿಪೋರ್ಟಿನ ಕೊನೆಗೆ ಸಣ್ಣ ಅಕ್ಷರದಲ್ಲಿ ಎರಡು ಹೆಸರು ಇರುತ್ತೆ: ಐಡಿಎಚ್ ಮತ್ತು ಎಂಜಿಎಂಟಿ.

ಐಡಿಎಚ್ ಅನ್ನೋ ಜೀನ್ ಮಿದುಳಿನ ಗೆಡ್ಡೆಗಳಲ್ಲಿ ಬದಲಾಗಿರಬಹುದು ಅಂತ ಗೊತ್ತಾಗಿದ್ದು 2008ರಲ್ಲಿ. ‘ಮ್ಯುಟೆಂಟ್’ ಅಂದ ತಕ್ಷಣ ಸಿನಿಮಾ ನೋಡಿದ ನಮಗೆಲ್ಲ ಹೆದರಿಕೆ. ಇಲ್ಲಿ ಉಲ್ಟಾ. ಐಡಿಎಚ್ ಮ್ಯುಟೆಂಟ್ ಇದ್ದವರು ಸಾಮಾನ್ಯವಾಗಿ ಚಿಕ್ಕ ವಯಸ್ಸಿನವರು, ಮತ್ತು ಸಾಕಷ್ಟು ಹೆಚ್ಚು ಕಾಲ ಬದುಕೋರು. ವ್ಯತ್ಯಾಸ ಎಷ್ಟು ದೊಡ್ಡದು ಅಂದ್ರೆ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆಸರನ್ನೇ ಬೇರೆ ಮಾಡಿತು. ಈಗ ಐಡಿಎಚ್ ಮ್ಯುಟೆಂಟ್ ಗೆಡ್ಡೆಯನ್ನ ಗ್ಲಿಯೋಬ್ಲಾಸ್ಟೋಮಾ ಅಂತ ಕರೆಯೋದೇ ಇಲ್ಲ, ಆಸ್ಟ್ರೋಸೈಟೋಮಾ ಅಂತಾರೆ. ‘ವೈಲ್ಡ್‌ಟೈಪ್’ ಅಂದ್ರೆ ಜೀನ್ ಬದಲಾಗಿಲ್ಲ ಅಂತ. ಗ್ಲಿಯೋಬ್ಲಾಸ್ಟೋಮಾ ಅಂತ ಇವತ್ತು ಕರೆಯೋದು ಇದನ್ನೇ. 14.6 ತಿಂಗಳ ಅಧ್ಯಯನ 2005ರದ್ದು ಅಂದೆನಲ್ಲ, ಆಗ ಈ ಪರೀಕ್ಷೆಯೇ ಇರಲಿಲ್ಲ. ಎರಡೂ ಬಗೆಯವರು ಆ ಲೆಕ್ಕದಲ್ಲಿ ಬೆರೆತಿರಲೇಬೇಕು. ಜೊತೆಗೆ 70 ವರ್ಷ ದಾಟಿದವರನ್ನ ಅದರಲ್ಲಿ ಸೇರಿಸಿಯೇ ಇರಲಿಲ್ಲ. ಆ ಹಳೇ ಸಂಖ್ಯೆಯನ್ನ ಇವತ್ತಿನ ರಿಪೋರ್ಟಿನ ಮೇಲೆ ನೇರವಾಗಿ ಅಂಟಿಸೋಕಾಗಲ್ಲ ಅನ್ನೋದಕ್ಕೆ ಇವೆರಡೇ ಸಾಕು.

ಎಂಜಿಎಂಟಿ ನಮ್ಮ ಭಾಷೆಯಲ್ಲಿ ಹೇಳೋಕೆ ಸುಲಭ. ಟೆಮೊಜೊಲೊಮೈಡ್ ಕ್ಯಾನ್ಸರ್ ಕೋಶದ ಡಿಎನ್ಎಗೆ ಪೆಟ್ಟು ಕೊಡುತ್ತೆ. ಎಂಜಿಎಂಟಿ ಅನ್ನೋದು ಆ ಪೆಟ್ಟನ್ನ ಸರಿಮಾಡೋ ರಿಪೇರಿ ಮೆಕ್ಯಾನಿಕ್. ಮೆಕ್ಯಾನಿಕ್ ಹುಷಾರಾಗಿದ್ದರೆ ಔಷಧಿಯ ಶ್ರಮ ವ್ಯರ್ಥ. ಕೆಲವರ ಗೆಡ್ಡೆಯಲ್ಲಿ ಈ ಜೀನಿನ ಸ್ವಿಚ್ಚಿನ ಮೇಲೆ ಮೀಥೈಲ್ ಅನ್ನೋ ರಾಸಾಯನಿಕ ಗುರುತು ಕೂತಿರುತ್ತೆ. ಕೋಡ್ ಅಳಿಸಿಲ್ಲ, ಕಮೆಂಟ್ ಮಾಡಿ ಇಟ್ಟಿದ್ದಾರೆ ಅಷ್ಟೇ. ಆಗ ರಿಪೇರಿ ನಡೆಯಲ್ಲ, ಔಷಧಿ ಕೆಲಸ ಮಾಡುತ್ತೆ. ಇದನ್ನ ರಿಪೋರ್ಟಿನಲ್ಲಿ ‘ಮೀಥೈಲೇಟೆಡ್’ ಅಂತ ಬರೀತಾರೆ, ಮತ್ತು ಅದು ಒಳ್ಳೆ ಸುದ್ದಿ. 2005ರಲ್ಲೇ ಮೋನಿಕಾ ಹೇಗಿ ಮತ್ತು ಸಂಗಡಿಗರು 206 ರೋಗಿಗಳ ಗೆಡ್ಡೆಯನ್ನ ಪರೀಕ್ಷಿಸಿ ತೋರಿಸಿದರು. ಮೀಥೈಲೇಟೆಡ್ ಇದ್ದು ಕ್ಯಾಪ್ಸೂಲ್ ಪಡೆದವರ ಮಧ್ಯಾಂಕ 21.7 ತಿಂಗಳು, ಹತ್ತಿರ ಹತ್ತಿರ ಅರ್ಧದಷ್ಟು ಜನ ಎರಡು ವರ್ಷ ದಾಟಿದ್ದರು. ಅನ್‌ಮೀಥೈಲೇಟೆಡ್ ಇದ್ದವರಲ್ಲಿ ಕ್ಯಾಪ್ಸೂಲ್ ಪಡೆದರೆ 12.7, ಪಡೆಯದಿದ್ದರೆ 11.8.

ಗೆಳೆಯನ ಅಪ್ಪನ ರಿಪೋರ್ಟಿನಲ್ಲಿ ಈ ಸಾಲು ಮೊದಲು ಖಾಲಿ ಇತ್ತು. ಸ್ಯಾಂಪಲ್ ಹೊರಗಿನ ಲ್ಯಾಬಿಗೆ ಹೋಗಿತ್ತು. ಎರಡು ವಾರದ ನಂತರ ಅವನ ಮೆಸೇಜ್ ಬಂತು: “ಮೀಥೈಲೇಷನ್ ಏನೂ ಇಲ್ವಂತೆ. ಒಳ್ಳೇದೇ ಅಲ್ವಾ?” ‘ಅನ್’ ಅಂತ ಇದ್ದದ್ದನ್ನ ಅವನು ‘ನೆಗೆಟಿವ್’ ಅಂತ ಓದಿದ್ದ, ಕೋವಿಡ್ ರಿಪೋರ್ಟ್ ಓದಿದ ಹಾಗೆ. ಉತ್ತರ ಟೈಪ್ ಮಾಡೋಕೆ ನನ್ನಿಂದ ಆಗಲಿಲ್ಲ, ಫೋನ್ ಮಾಡಿದೆ. “ಇದು ನಮಗೆ ಬೇಕಿದ್ದ ಉತ್ತರ ಅಲ್ಲ ಕಣೋ, ಆದರೆ ಚಿಕಿತ್ಸೆ ಬಿಡಿ ಅನ್ನೋ ಉತ್ತರವೂ ಅಲ್ಲ, ನಾಳೆ ಡಾಕ್ಟರನ್ನೇ ಕೇಳು” ಅಂದೆ. ಡಾಕ್ಟರೂ ಕ್ಯಾಪ್ಸೂಲ್ ಮುಂದುವರಿಸಿದರು. ಸಾಮಾನ್ಯವಾಗಿ ಮುಂದುವರಿಸೋದೇ ರೂಢಿ. ಈ ಪರೀಕ್ಷೆ ನಿರ್ಧಾರವನ್ನೇ ಬದಲಾಯಿಸೋದು ಹೆಚ್ಚಾಗಿ ವಯಸ್ಸಾದವರಲ್ಲಿ. 65 ದಾಟಿದ 562 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೇಡಿಯೇಶನ್ನನ್ನ ಆರು ವಾರದ ಬದಲು ಮೂರೇ ವಾರಕ್ಕೆ ಮುಗಿಸಿದ್ದರು. ಅದಕ್ಕೆ ಕ್ಯಾಪ್ಸೂಲ್ ಸೇರಿಸಿದಾಗ ಮಧ್ಯಾಂಕ 7.6 ತಿಂಗಳಿಂದ 9.3ಕ್ಕೆ ಹೋಯಿತು. ಮೀಥೈಲೇಟೆಡ್ ಇದ್ದವರಲ್ಲಿ 7.7ರಿಂದ 13.5ಕ್ಕೆ. ನಮ್ಮ ಅಜ್ಜ-ಅಜ್ಜಿ ವಯಸ್ಸಿನವರನ್ನ ಆರು ವಾರ ದಿನಾ ಆಸ್ಪತ್ರೆಗೆ ಓಡಾಡಿಸೋ ಮುಂಚೆ ಇದನ್ನ ಕೇಳೋದು ಒಳ್ಳೇದು.

ರಿಪೋರ್ಟಿನಲ್ಲಿ ಈ ಎರಡು ಸಾಲು ಇಲ್ಲದಿದ್ದರೆ ಮಾಡಿಸಬಹುದು. ಆಪರೇಷನ್ನಿನಲ್ಲಿ ತೆಗೆದ ತುಣುಕನ್ನ ಮೇಣದಲ್ಲಿ ಹುದುಗಿಸಿ ‘ಬ್ಲಾಕ್’ ಅಂತ ಇಟ್ಟಿರ್ತಾರೆ. ಆಸ್ಪತ್ರೆಯಿಂದ ಬ್ಲಾಕ್ ಮತ್ತು ಸ್ಲೈಡ್ ಪಡೆದು ನಿಮ್ಹಾನ್ಸ್, ಕಿದ್ವಾಯಿ ಅಥವಾ ಮುಂಬಯಿಯ ಟಾಟಾ ಮೆಮೋರಿಯಲ್‌ನಂಥ ಕಡೆ ಎರಡನೇ ಅಭಿಪ್ರಾಯ ಕೇಳೋದು ಮಾಮೂಲು ಸಂಗತಿ. ಮೊದಲ ಡಾಕ್ಟರಿಗೆ ಅವಮಾನ ಅಂತೇನೂ ಅಲ್ಲ.

ಲೆಕ್ಕ ನಿಂತ ಕಡೆ ನಿಲ್ಲಲ್ಲ

ಇನ್ನೊಂದು ಲೆಕ್ಕ ಇದೆ, ಅದನ್ನ ಹೆಚ್ಚಿನವರು ಮಾಡೋದಿಲ್ಲ. ಮೊದಲ ದಿನ ನಿಂತು ನೋಡಿದರೆ ಐದು ವರ್ಷ ತಲುಪೋರು ಹತ್ತರಲ್ಲಿ ಒಬ್ಬರು. ಆದರೆ ಅದೇ 2005ರ ಗುಂಪಿನಲ್ಲಿ ಎರಡು ವರ್ಷ ದಾಟಿದವರನ್ನ ಮಾತ್ರ ತಗೊಂಡರೆ, ಅವರಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಜನ ಐದು ವರ್ಷ ಮುಟ್ಟಿದರು. 26.5ರಲ್ಲಿ 9.8, ನೀವೇ ಭಾಗಿಸಿ ನೋಡಿ. ಅಂದ್ರೆ ಡಯಾಗ್ನೋಸಿಸ್ ದಿನ ಕೇಳಿದ ಸಂಖ್ಯೆಯಿಂದ ತಿಂಗಳು ಕಳೀತಾ ಹೋಗೋದು ತಪ್ಪು ಲೆಕ್ಕ. ಹನ್ನೆರಡು ತಿಂಗಳಾಯ್ತು, ಇನ್ನು 2.6 ಉಳಿದಿದೆ ಅಂತಲ್ಲ. ಪ್ರತಿ ಹಂತದಲ್ಲೂ ಪ್ರಶ್ನೆಯನ್ನ ಹೊಸದಾಗಿ ಕೇಳಬೇಕು.

ಸ್ಕ್ಯಾನ್ ಕೂಡ ಹೆದರಿಸುತ್ತೆ. ರೇಡಿಯೇಶನ್ ಮುಗಿದ ಮೊದಲ ಮೂರು ತಿಂಗಳಲ್ಲಿ ಮಾಡೋ ಎಂಆರ್‌ಐನಲ್ಲಿ ಗೆಡ್ಡೆ ದೊಡ್ಡದಾದ ಹಾಗೆ ಕಾಣೋದುಂಟು, ನಿಜಕ್ಕೂ ಅದು ಚಿಕಿತ್ಸೆಯಿಂದಾದ ಬಾವು. ಡಾಕ್ಟರುಗಳು ಇದನ್ನ ಸುಳ್ಳು ಬೆಳವಣಿಗೆ ಅಂತಾರೆ. ಮೀಥೈಲೇಟೆಡ್ ಇದ್ದವರಲ್ಲಿ ಇದು ಹೆಚ್ಚು. ಅದಕ್ಕೇ ಕೆಲವೊಮ್ಮೆ ‘ಇನ್ನೆರಡು ತಿಂಗಳು ನೋಡೋಣ’ ಅಂತಾರೆ. ಮನೆಯವರಿಗೆ ಅದು ನಿರ್ಲಕ್ಷ್ಯ ಅನ್ನಿಸುತ್ತೆ, ಹಲವು ಸಲ ಅಲ್ಲ.

ಸಾಲಿನಲ್ಲಿ ನಮ್ಮ ಜಾಗ ನಿರ್ಧರಿಸದ ಸಂಗತಿಗಳೂ ಇವೆ. ‘ಮನಸ್ಸು ಗಟ್ಟಿ ಇದ್ದವರು ಗೆಲ್ತಾರೆ’ ಅನ್ನೋ ಮಾತು ನನಗೆ ಕೋಪ ಬರಿಸುತ್ತೆ. ಹಾಗಾದರೆ ಹೋದವರ ಮನಸ್ಸು ಮೆತ್ತಗಿತ್ತಾ? ಫ್ಯಾಮಿಲಿ ಗ್ರೂಪಿನಲ್ಲಿ ಬರೋ ಎಲೆ, ಬೇರು, ಕಷಾಯದ ಫಾರ್ವರ್ಡುಗಳಿಂದ ಈ ರೋಗದಲ್ಲಿ ಆಯಸ್ಸು ಹೆಚ್ಚಿದ್ದಕ್ಕೆ ಪುರಾವೆ ಇಲ್ಲ. ಕೀಮೋ ಹೊತ್ತಿನಲ್ಲಿ ರಕ್ತಕಣ, ಲಿವರ್ ಎರಡರ ಮೇಲೂ ಡಾಕ್ಟರ ಕಣ್ಣಿರುತ್ತೆ. ಮನೆಯಲ್ಲಿ ಏನಾದರೂ ಕೊಡ್ತಾ ಇದ್ದರೆ ಮುಚ್ಚಿಡದೆ ಹೇಳಿ.

ಯಾರಿಗೆ ಹೇಳೋದು, ಯಾವಾಗ

ನಮ್ಮ ಕಡೆ ಡಾಕ್ಟರ ಕೋಣೆಗೆ ಮೊದಲು ಮಗನೋ ಅಳಿಯನೋ ಹೋಗಿ, “ಅಪ್ಪಾಜಿಗೆ ಮಾತ್ರ ಹೇಳಬೇಡಿ ಸಾರ್” ಅನ್ನೋದು ವಾಡಿಕೆ. ಪ್ರೀತಿಯಿಂದಲೇ ಅಂತಾರೆ. ಬೇರೆ ಕ್ಯಾನ್ಸರಿನಲ್ಲಿ ಅದರ ಬೆಲೆ ಎಷ್ಟೋ ಗೊತ್ತಿಲ್ಲ, ಮಿದುಳಿನ ಗೆಡ್ಡೆಯಲ್ಲಿ ಮಾತ್ರ ಬೆಲೆ ದೊಡ್ಡದು. ಇಲ್ಲಿ ದೇಹಕ್ಕಿಂತ ಮುಂಚೆ ನಿರ್ಧಾರ ಮಾಡೋ ಶಕ್ತಿ, ಮಾತು, ನೆನಪು ಹೋಗಿಬಿಡಬಹುದು. ಹೇಳೋಣ ಅಂತ ನಾವು ತಯಾರಾಗೋ ಹೊತ್ತಿಗೆ ಕೇಳಿಸಿಕೊಳ್ಳೋರು ಇರಲಿಕ್ಕಿಲ್ಲ.

ಅಮೆರಿಕದ ಇಬ್ಬರು ಸೆನೆಟರುಗಳ ಉದಾಹರಣೆ ಎಲ್ಲರಿಗೂ ಗೊತ್ತಿರೋದೇ. ಎಡ್ವರ್ಡ್ ಕೆನಡಿಗೆ 2008ರ ಮೇ ತಿಂಗಳಲ್ಲಿ, 76ನೇ ವಯಸ್ಸಿನಲ್ಲಿ, ಮಾರಕ ಗ್ಲಿಯೋಮಾ ಪತ್ತೆಯಾಯ್ತು. ಜಾನ್ ಮೆಕೇನ್‌ಗೆ 2017ರ ಜುಲೈಯಲ್ಲಿ, 80ನೇ ವಯಸ್ಸಿನಲ್ಲಿ, ಗ್ಲಿಯೋಬ್ಲಾಸ್ಟೋಮಾ. ಇಬ್ಬರೂ ತೀರಿಕೊಂಡದ್ದು ಆಗಸ್ಟ್ 25ರಂದೇ, ಒಬ್ಬರು 2009ರಲ್ಲಿ, ಇನ್ನೊಬ್ಬರು 2018ರಲ್ಲಿ. ಇಬ್ಬರೂ ರೋಗ ಗೊತ್ತಿದ್ದೇ ಆ ತಿಂಗಳುಗಳನ್ನ ಬಳಸಿಕೊಂಡರು. ಮೆಕೇನ್ ರೋಗ ಪ್ರಕಟವಾದ ಹತ್ತೇ ದಿನದೊಳಗೆ ಸೆನೆಟ್ಟಿಗೆ ಬಂದು ತಮ್ಮ ಪಕ್ಷದ ಆರೋಗ್ಯ ಮಸೂದೆಯ ವಿರುದ್ಧ ಹೆಬ್ಬೆರಳು ಕೆಳಗೆ ಮಾಡಿ ಮತ ಹಾಕಿದರು.

ಗೆಳೆಯನ ಅಪ್ಪನ ವಿಷಯದಲ್ಲಿ ಮನೆಯವರು ಮೂರು ವಾರ ಮುಚ್ಚಿಟ್ಟರು. ಕೊನೆಗೆ ಅವರೇ, “ಅದೇನು ಅಂತ ಹೇಳ್ರೋ, ಡ್ರೈವಿಂಗ್ ಲೈಸೆನ್ಸ್ ರಿನೀವಲ್ ಮಾಡಿಸಲಾ ಬೇಡ್ವಾ ಅಂತ ನಾನು ತೀರ್ಮಾನ ಮಾಡ್ಬೇಕು” ಅಂದರಂತೆ. ಹೇಳಿದರು. ಒಂದು ದಿನ ಮಾತಾಡಲಿಲ್ಲ. ಮರುದಿನ ಬೀರು ತೆಗೆದು ತೋಟದ ಪತ್ರಗಳನ್ನ ಹೊರಗಿಟ್ಟರು. ಈಗ ಹನ್ನೊಂದನೇ ತಿಂಗಳು. ಎಡಗೈ ಸ್ವಲ್ಪ ದುರ್ಬಲ, ಬೆಳಿಗ್ಗೆ ಪೇಪರ್ ಪೂರ್ತಿ ಓದ್ತಾರೆ.

ಆ ಪತ್ರಗಳ ವಿಷಯ ಸಣ್ಣದಲ್ಲ. ವಿಲ್ ಬರೆಯೋಕೆ ಸ್ವಸ್ಥ ಮನಸ್ಸಿರಬೇಕು. ಪವರ್ ಆಫ್ ಅಟಾರ್ನಿ ಮಾಡಿಸಿಟ್ಟರೆ ಸಾಕು ಅಂತ ಬಹಳ ಜನ ಅಂದುಕೊಂಡಿದ್ದಾರೆ, ಆದರೆ ಕೊಟ್ಟವರ ಮನಸ್ಸಿನ ಸ್ವಾಸ್ಥ್ಯ ಹೋದರೆ ನಮ್ಮ ಕಾನೂನಿನಲ್ಲಿ ಅದು ನಿಲ್ಲೋದಿಲ್ಲ. ಬ್ಯಾಂಕ್ ಖಾತೆಗೆ ಎರಡನೇ ಹೆಸರು, ಪಿಎಫ್ ಮತ್ತು ವಿಮೆಗೆ ನಾಮಿನಿ, ಫೋನಿನ ಪಿನ್, ಇವೆಲ್ಲ ಮೊದಲ ತಿಂಗಳ ಕೆಲಸ. ಕೊನೆಗೆ ವೆಂಟಿಲೇಟರ್ ಬೇಕಾ ಬೇಡವಾ ಅಂತ ಅವರೇ ಬರೆದಿಡೋ ಮುಂಗಡ ನಿರ್ದೇಶನಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ಕೊಟ್ಟಿದೆ, 2023ರಲ್ಲಿ ಅದರ ವಿಧಾನವನ್ನ ಸುಲಭ ಮಾಡಿದೆ.

ಡಾಕ್ಟರನ್ನ “ಎಷ್ಟು ದಿನ ಸಾರ್?” ಅಂತ ಕೇಳಿದರೆ ಒಂದೋ ಅವರು ಮಾತು ತೇಲಿಸ್ತಾರೆ, ಇಲ್ಲವೇ ಒಂದು ಸಂಖ್ಯೆ ಹೇಳ್ತಾರೆ. ಬದಲಿಗೆ ಹೀಗೆ ಕೇಳಿ ನೋಡಿ: “ಇವರ ವಯಸ್ಸು, ಓಡಾಟ, ಆಪರೇಷನ್, ಈ ಎರಡು ಜೀನು, ಎಲ್ಲ ಸೇರಿಸಿ ನೋಡಿದರೆ, ಚೆನ್ನಾಗಿ ಹೋದರೆ ಹೇಗಿರುತ್ತೆ, ಸಾಮಾನ್ಯವಾಗಿ ಹೇಗಿರುತ್ತೆ, ಕೆಟ್ಟದಾದರೆ ಹೇಗಿರುತ್ತೆ?” ಇದನ್ನ ಕೇಳೋ ಮುಂಚೆ ಮಂಚದ ಮೇಲಿರೋರನ್ನ ಇನ್ನೊಂದು ಮಾತು ಕೇಳಬೇಕು, ಉತ್ತರ ಅವರಿಗೂ ಬೇಕಾ ಅಂತ. ಬೇಡ ಅಂದರೆ ಅದೂ ಅವರ ಹಕ್ಕೇ. ಆಗ ನೀವೊಬ್ಬರೇ ಒಳಗೆ ಹೋಗಿ ಕೇಳ್ಕೊಂಡು ಬನ್ನಿ.